ಉಪ್ಪು, ಸಕ್ಕರೆ ಮತ್ತು ನಮ್ಮ ಅತ್ತೆ

ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ. ಹಲಬರ್ಗಾದ ಮನೆಯಲ್ಲಿ ಬೆಲ್ಲದ ಡಬ್ಬಿ ಬಚ್ಚಿಡುವವಳು ನಾನು, ಹುಡುಕಿ ತೆಗೆಯುವವರು ಅವರು. ಭಾಲ್ಕಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನನ್ನ ಮಾತಿಗೆ ಮನೆಯಲ್ಲಿ ಮೂರು ಕಾಸಿನ ಬೆಲೆ ಇಲ್ಲ.

ಔರಾದಿನಲ್ಲಿ ಮದುವೆ ಊಟ ಮಾಡಿ ಬಂದ ಮರುದಿನ ಅವರಿಗೆ ಭೇದಿ ಶುರುವಾಯಿತು. ಮಧ್ಯಾಹ್ನಕ್ಕೆ ಕಣ್ಣು ಒಳಗೆ ಹೋಗಿ, ನಾಲಿಗೆ ಒಣಗಿಹೋಯಿತು. ದವಾಖಾನೆಯ ಡಾಕ್ಟರು ಓಆರ್‌ಎಸ್ ಪುಡಿ ಕೊಟ್ಟು, "ಗುಟುಕು ಗುಟುಕು ಕುಡಸ್ರಿ. ಸಂಜಿತನಕ ಮೂತ್ರ ಆಗ್ಲಿಲ್ಲಂದ್ರ ದವಾಖಾನ್ಯಾಗ ಭರ್ತಿ ಮಾಡ್ಬೇಕಾಗ್ತದ, ಕಿಡ್ನಿಗಿ ಪೆಟ್ಟು ಬೀಳ್ತದ" ಎಂದು ಕಳಿಸಿದರು.

ಮನೆಗೆ ಬಂದು ಪುಡಿ ಕಲಸಿದ ನೀರಿನ ಗ್ಲಾಸು ಕೊಟ್ಟರೆ, "ಇದ್ರಾಗ ಏನದ?" ಎಂದರು ಅತ್ತೆ.

"ಉಪ್ಪು, ಸಕ್ರಿರಿ."

ಗ್ಲಾಸು ದೂಡಿಬಿಟ್ಟರು. "ಸಕ್ರಿ ಅಂದ್ರ ವಿಷ ಅಂದಾಕಿ ನೀನೇ. ಈಗ ಕುಡಿ ಅನ್ನಾಕೀನೂ ನೀನೇ! ನಾ ಒಲ್ಲೆ. ಬರೇ ಉಪ್ಪಿನ ನೀರು ಕೊಡು."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಆದರೂ ನುಂಗಿಕೊಂಡು ಹೇಳಿದೆ: "ಅತ್ತಿ, ಕರುಳಿನ ಗ್ವಾಡಿಗಿ ಸಣ್ಣ ಸಣ್ಣ ಬಾಗಿಲ ಅವರಿ, ಪ್ರೋಟೀನಿನ್ವು. ಉಪ್ಪು, ಸಕ್ರಿ ಎರಡೂ ಬಂದು ಕುಂತ್ರೇ ಹೊರಗಿನ ಬಾಯಿ ಮುಚ್ಚಿ ಒಳಗಿನ ಬಾಯಿ ತೆರಿತದ. ಅವು ಒಳಗ ಹೋದ್ರ ನೀರೂ ಬೆನ್ನಹಿಂದ ಹೋಗ್ತದ."

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಜೀವಕೋಶದ ಆಚೆ ಬದಿಯಲ್ಲಿ ಇನ್ನೊಂದು ಪ್ರೋಟೀನು ಬಿಡುವಿಲ್ಲದೆ ಉಪ್ಪನ್ನು ರಕ್ತದ ಕಡೆಗೆ ಎತ್ತಿ ಹಾಕುತ್ತದೆ, ಒಳಗೆ ಉಪ್ಪು ಕಡಿಮೆಯಾದ್ದರಿಂದಲೇ ಹೊರಗಿನ ಉಪ್ಪಿಗೆ ಒಳಕ್ಕೆ ಎಳೆತ, ಭೇದಿಯಾದಾಗಲೂ ಈ ಬಾಗಿಲು ಕೆಲಸ ನಿಲ್ಲಿಸುವುದಿಲ್ಲ ಎಂದೆಲ್ಲ ಕೊರೆದೆ. ಅತ್ತೆ ಕಣ್ಣು ಮುಚ್ಚಿದರು. ನಾನು ಗಾಬರಿಯಾಗಿ ಅವರ ಮೇಲೆ ಬಾಗಿದೆ.

"ಉಪ್ಪು ಒಂದೇ ಬಂದ್ರ?" ಎಂದರು, ಕಣ್ಣು ಮುಚ್ಚಿಕೊಂಡೇ.

"ಬಾಗಿಲ ತೆರಿಯಂಗಿಲ್ರಿ."

"ಮತ್ತ ನನಗ ಒಬ್ಬಾಕಿಗೇ ಯಾಕ ಕುಡಸ್ಲತ್ತಿ? ಮುಂಜಾನಿಂದ ನಿನ್ನ ಹೊಟ್ಟಿಗಿ ಏನ್ ಬಿದ್ದದ?"

ಚಹಾ ಕೂಡ ಬಿದ್ದಿರಲಿಲ್ಲ. ನನಗೇ ನೆನಪಿರಲಿಲ್ಲ, ಮಲಗಿದವರಿಗೆ ನೆನಪಿತ್ತು.

"ಮೊದ್ಲ ನೀ ಕುಡಿ," ಎಂದರು.

ಕುಡಿದೆ. ಥೂ, ಅದೇನು ರುಚಿಯೋ! ನನ್ನ ಮುಖ ನೋಡಿ ಅಷ್ಟು ಸಂಕಟದಲ್ಲೂ ನಕ್ಕರು. ಆಮೇಲೆ ಚಮಚ ಚಮಚವಾಗಿ ಸಂಜೆಯವರೆಗೆ ಕುಡಿದರು.

ದೀಪ ಹಚ್ಚುವ ಹೊತ್ತಿಗೆ ನನ್ನ ಹೆಗಲು ಹಿಡಿದು ಬಚ್ಚಲಿಗೆ ನಡೆದರು. ಬಾಗಿಲ ಹೊರಗೆ ನಿಂತು ಆ ಸದ್ದು ಕೇಳಿ ನಾನು ಗಳಗಳನೆ ಅತ್ತುಬಿಟ್ಟೆ. ಮೂತ್ರದ ಸದ್ದಿಗೆ ಯಾರಾದರೂ ಅಳುತ್ತಾರೆಯೇ? ನಾನು ಅತ್ತೆ.

ಹೊರಗೆ ಬಂದು, "ಏ ಹುಚ್ಚಿ, ಯಾಕ ಅಳ್ತಿ?" ಎಂದರು. ಮಂಚಕ್ಕೆ ಒರಗಿದ ಮೇಲೆ ಕೇಳಿದರು: "ನಾ ಆರಾಮಾದ ಮ್ಯಾಲ ಬೆಲ್ಲದ ಡಬ್ಬಿ ಮತ್ತ ಬಚ್ಚಿಡ್ತಿ ಏನು?"

"ಬಚ್ಚಿಡ್ತೇನ್ರಿ."

"ಇಡು. ಬ್ಯಾಡ ಅಂತ ನನಗ ಹೇಳ್ಲಾಕ ಮನ್ಯಾಗ ಯಾರರ ಒಬ್ರು ಬೇಕಲ್ಲ."