ಸೂಲಗಿತ್ತಿ ಚಂದ್ರಮ್ಮನ ಜಾಮೀನು ಅರ್ಜಿ

ಮೊದಲ ಮಹಾಯುದ್ಧ ಮುಗಿದ ಮರುವರ್ಷ ನಾನು ನಿಜಾಮ್ ಸರ್ಕಾರದ ಮುನ್ಸಿಫನಾಗಿ ಔರಾದ್ ಭಾಗದ ಒಂದು ಸಣ್ಣ ಅದಾಲತ್ತಿಗೆ ಬಂದೆ. ಕಳವು, ಹೊಡೆದಾಟದಂಥ ಫೌಜದಾರಿ ಪ್ರಕರಣಗಳೂ ನನ್ನ ಮುಂದೆಯೇ ಬರುತ್ತಿದ್ದವು.

ಒಂದು ಬೆಳಿಗ್ಗೆ ಠಾಣೆಯ ಪೊಲೀಸ್ ಅಮೀನರು ಚಿಂತಾಕಿ ಎಂಬ ಹಳ್ಳಿಯ ಸೂಲಗಿತ್ತಿ ಚಂದ್ರಮ್ಮನನ್ನು ಕರೆತಂದರು. ಊರಿನ ಸಾಹುಕಾರನ ಮನೆಗೆ ಬಾಣಂತಿಗೆ ನೀರೆರೆಯಲು ಹೋದಾಗ ಚಿನ್ನದ ಸರ ಕದ್ದಳೆಂಬುದು ಆರೋಪ. ಸರ ಸಿಕ್ಕಿರಲಿಲ್ಲ.

ವಿಚಾರಣೆಗೆ ಮೊದಲೇ ಆರೋಪಿಯನ್ನು ಒಳಗಿಡಬೇಕೇ ಎಂದು ತೀರ್ಮಾನಿಸುವಾಗ ನಾವು ನೋಡುತ್ತಿದ್ದುದು ಮುಖ್ಯವಾಗಿ ಎರಡು: ಓಡಿಹೋಗುವಳೇ, ಸಾಕ್ಷಿ ಕೆಡಿಸುವಳೇ.

“ಸಾಕ್ಷಿ ಹೇಳೋ ಹೆಂಗಸ್ರದೆಲ್ಲಾ ಹೆರಿಗಿ ಮಾಡಿದಾಕಿ ಈಕಿನೇ ರೀ. ಹೊರಗ ಬಿಟ್ರ ಯಾರೂ ಬಾಯಿ ಬಿಡಂಗಿಲ್ಲ,” ಎಂದರು ಅಮೀನರು.

ಚಂದ್ರಮ್ಮ ಕಳವಿನ ಮಾತೇ ಎತ್ತಲಿಲ್ಲ. “ನನ್ನ ಮಗಳಿಗಿ ದಿನ ತುಂಬ್ಯಾವ್ರಿ. ಕೂಸು ಅಡ್ಡ ಐತಿ. ತಿರುಗ್ಸೋರು ಊರಾಗ ಮತ್ಯಾರೂ ಇಲ್ರಿ. ಹೆರಿಗಿ ಆದ ಮ್ಯಾಲ ನಾನೇ ಬರ್ತೇನಿ.”

ಅವಳ ನೆರೆಮನೆಯ ಬಂಡಿಕಾರ ಖಾಸಿಂ ಮುಂದೆ ಬಂದ. “ನಾ ಜಾಮೀನ್ ನಿಲ್ತೇನ್ರಿ, ಸಾಬ್. ಈಕಿ ಎಲ್ಲಿಗೂ ಹೋಗಂಗಿಲ್ರಿ.”

ಖಾಸಿಂ ಎಂಥವನೆಂದು ಚಿಂತಾಕಿಗೆ ಜನ ಕಳಿಸಿ ವಿಚಾರಿಸಲು ಒಂದು ದಿನ ಬೇಕಿತ್ತು. ಮರುದಿನವೇ ಬೀದರಿನಿಂದ ಮೇಲಧಿಕಾರಿಗಳು ತಪಾಸಣೆಗೆ ಬರುವವರಿದ್ದರು. ಮೇಜಿನ ಮೇಲೆ ಇತ್ಯರ್ಥವಾಗದ ಅರ್ಜಿ ಉಳಿಯುವುದು ನನಗೆ ಬೇಡವಾಗಿತ್ತು. ‘ಸಾಕ್ಷಿ ಕೆಡುವ ಸಂಭವವಿದೆ’ ಎಂದು ಬರೆದು, ಹದಿನಾಲ್ಕು ದಿನ ರಿಮಾಂಡ್ ಮಾಡಿ ಬೀದರ್ ಜೈಲಿಗೆ ಕಳಿಸಿದೆ. ಆ ಕಾರಣ ಸುಳ್ಳಲ್ಲ. ಆದರೆ ನಾನು ಸಹಿ ಹಾಕಿದ್ದು ಆ ಕಾರಣಕ್ಕಲ್ಲ.

ಒಂಬತ್ತನೆಯ ದಿನ ಸಾಹುಕಾರನೇ ಬಂದ. ಸರ ಬಾಣಂತಿಯ ಕೌದಿಯ ಮಡಿಕೆಯಲ್ಲಿ ಸಿಕ್ಕಿತ್ತು. ಅವನ ಬಂಡಿ ಹೊಡೆದುಕೊಂಡು ಬಂದಿದ್ದ ಖಾಸಿಂ ಬಾಗಿಲಲ್ಲೇ ನಿಂತು ಹೇಳಿದ: “ಆಕಿ ಮಗಳು ಮೊನ್ನಿ ತೀರ್ಕೊಂಡಳ್ರಿ. ಕೂಸೂ ಉಳೀಲಿಲ್ಲ.”

ಚಂದ್ರಮ್ಮನನ್ನು ಬೀದರಿನಿಂದ ಕರೆಸಿದೆ. ಸುದ್ದಿಯನ್ನು ಜವಾನನಿಗೆ ಬಿಡದೆ ನಾನೇ ಹೇಳಿದೆ. ಅವಳು ಅಳಲಿಲ್ಲ. “ಎಷ್ಟ್ ತಾಸು ಬ್ಯಾನಿ ತಿಂದಳಂತ್ರಿ?” ಎಂದಳು. ಖಾಸಿಂನನ್ನು ನಾನು ಅದನ್ನು ಕೇಳಿರಲಿಲ್ಲ. ಬಿಡುಗಡೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, “ಇನ್ನ ಹೋಗ್ಲೇನ್ರಿ?” ಎಂದು ನನ್ನ ಅಪ್ಪಣೆ ಕೇಳಿದಳು.

ತಾಯಿ ಹೊರಗಿದ್ದರೆ ಮಗಳು ಬದುಕುತ್ತಿದ್ದಳೇ, ಹೇಳಲಾರೆ. ಆಮೇಲೆ ಭಾಲ್ಕಿಯಲ್ಲಿ, ಬೀದರಿನಲ್ಲಿ, ನಿವೃತ್ತನಾಗುವವರೆಗೂ ಜಾಮೀನು ಅರ್ಜಿಗಳನ್ನು ಕೇಳಿದೆ. ಕಾಯ್ದೆಯ ಪ್ರಶ್ನೆಗಳು ಮುಗಿದ ಮೇಲೆ ಇನ್ನೊಂದನ್ನು ತಪ್ಪದೆ ಕೇಳುತ್ತಿದ್ದೆ: ಈ ಮನುಷ್ಯ ಒಳಗಿದ್ದರೆ ಹೊರಗೆ ಯಾರಿಗೆ ಏನಾಗುತ್ತದೆ? ಚಂದ್ರಮ್ಮ ಆ ಉತ್ತರವನ್ನು ನಾನು ಕೇಳುವ ಮೊದಲೇ ಹೇಳಿದ್ದಳು. ಅವಳ ಮಗಳ ಹೆಸರೇನೆಂದು ಕೇಳುವುದು ಕೂಡ ಅಂದು ನನಗೆ ಹೊಳೆದಿರಲಿಲ್ಲ.