ಬಿಸಿ ತಾಗದ ಕೈ

ರೊಟ್ಟಿ ಬೇಯಿಸುವಾಗ ನನ್ನ ಬಲಗೈ ಕಿರುಬೆರಳಿಗೆ ಗುಳ್ಳೆ ಎದ್ದಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಪಕ್ಕದ ಒಲೆಯ ಮುಂದೆ ಕುಳಿತಿದ್ದ ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಗಂಗವ್ವ ನೋಡಿ ಹೇಳಿದಳು.

"ಅಯ್ಯ ಯಕ್ಕಾ, ಬೆರಳ ನೋಡ್ಕೋ. ಸುಟ್ಟ ಬದನಿಕಾಯಿ ಆಗೇತಿ!"

"ಏನೂ ಉರಿಯಾಕತ್ತಿಲ್ಲ ಬಿಡ."

"ನಿಂದು ಕೈ ಅಲ್ಲವಾ, ಹಂಚು," ಎಂದು ನಕ್ಕಳು. ನಾನೂ ನಕ್ಕೆ. ಆ ಮಾತು ನನಗೆ ಹಿಡಿಸಿತ್ತು ಕೂಡ.

ಬೈಲಹೊಂಗಲದ ನಮ್ಮ ಮನೆಯ ಹಿಂದಿನ ತಗಡಿನ ಚಪ್ಪರದಲ್ಲಿ ನಾವು ನಾಲ್ವರು ಹೆಂಗಸರು ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತೇವೆ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಬರಿಗೈಲಿ ತಿರುವಬೇಕು. ಹೊಸಬರು ಬೆರಳಿಗೆ ಉಫ್ ಉಫ್ ಎಂದು ಊದಿಕೊಳ್ಳುತ್ತಾರೆ. ವರ್ಷಗಟ್ಟಲೆ ಬಡಿದ ಮೇಲೆ ಬಿಸಿ ಅಷ್ಟಾಗಿ ತಾಗುವುದಿಲ್ಲ. ಅದಕ್ಕೆ ಕೈ ಪಳಗಿತು ಎನ್ನುತ್ತೇವೆ. ಎಲ್ಲರಿಗಿಂತ ಹೆಚ್ಚು ಪಳಗಿದ ಕೈ ನನ್ನದೆಂದು ನನಗೆ ಹೆಮ್ಮೆ.

ಆ ಕೈ ಸಾಯುತ್ತಿತ್ತು.

ಇದಕ್ಕೆ ಎಷ್ಟೋ ಮೊದಲೇ ಮೊಣಕೈ ಕೆಳಗೆ ಒಂದು ಮಚ್ಚೆ ಬಂದಿತ್ತು. ಎಂಟಾಣೆಯಷ್ಟು ಅಗಲ, ಸುತ್ತಲಿನ ಚರ್ಮಕ್ಕಿಂತ ತುಸು ಬಿಳಿಚು. ತುರಿಕೆ ಇಲ್ಲ, ನೋವಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದೆ. ಆಮೇಲೆ ಅರಿಷಿಣ. ಅದು ಅಂಗೈಯಷ್ಟಾಯಿತು. ಜಂಪರಿನ ತೋಳನ್ನು ಉದ್ದ ಹೊಲಿಸಿಕೊಂಡೆ.

ನಮ್ಮ ಓಣಿಯ ಆಶಾ ಕಾರ್ಯಕರ್ತೆ ರೇಷ್ಮಾ ಮನೆಮನೆ ವಿಚಾರಿಸುತ್ತ ಬಂದದ್ದು ಆ ದಿನಗಳಲ್ಲೇ.

"ಅಕ್ಕಾರ, ಮೈಮ್ಯಾಲೆ ಎಲ್ಲೆರ ಮಚ್ಚಿ ಎದ್ದಾವೇನ್ರಿ? ಮುಟ್ಟಿದ್ರ ಗೊತ್ತಾಗಲಾರದಂಥವು?"

"ನಮ್ಮ ಮನ್ಯಾಗ ಅಂಥಾವೇನೂ ಇಲ್ಲವಾ. ಚಾ ಕುಡೀತಿ?"

ಕುಡಿದಳು. ಬಾಗಿಲ ಪಕ್ಕ ಸೀಮೆಸುಣ್ಣದ ಗುರುತು ಹಾಕಿ ಹೋದಳು. ಲೋಟ ಕೊಟ್ಟ ಕೈಯಲ್ಲೇ ಮಚ್ಚೆ ಇತ್ತು.

ಯಾಕೆ ಸುಳ್ಳು ಹೇಳಿದೆ? ನನ್ನ ತವರು ತೊರಗಲ್. ಸಣ್ಣವಳಿದ್ದಾಗ ಅಲ್ಲಿ ಬೆರಳಿಲ್ಲದ ಒಬ್ಬ ಅಜ್ಜ ನಮ್ಮ ಬಾಗಿಲಿಗೆ ಬರುತ್ತಿದ್ದ. ನಮ್ಮವ್ವ ಕೆಟ್ಟವಳಲ್ಲ, ಬಿಸಿ ರೊಟ್ಟಿಯನ್ನೇ ಕೊಡುತ್ತಿದ್ದಳು. ಆದರೆ ಅವನು ಒಡ್ಡಿದ ಅರಿವೆಗೆ ಮೇಲಿನಿಂದ ಬಿಡುತ್ತಿದ್ದಳು, ಕೈಗೆ ಕೈ ತಾಗಬಾರದೆಂದು. ರೇಷ್ಮಾ ಕೇಳಿದಾಗ ನನಗೆ ನೆನಪಾದದ್ದು ಹಾಗೆ ಮೇಲಿನಿಂದ ಬೀಳುತ್ತಿದ್ದ ರೊಟ್ಟಿ. ಊರವರು ಉಣ್ಣುವ ರೊಟ್ಟಿ ಬಡಿಯುವವಳು ನಾನು. ಮಚ್ಚೆಗೊಂದು ಹೆಸರು ಬಂದರೆ ನನ್ನ ಕೈಯದ್ದನ್ನು ಯಾರು ಮುಟ್ಟುತ್ತಾರೆ?

ಹಾಗೆ ಒಂಬತ್ತು ತಿಂಗಳು ಕಳೆದೆ.

ಗುಳ್ಳೆ ಎದ್ದ ಮೇಲೆ ಕಿರುಬೆರಳು, ಅದರ ಜೊತೆ ಉಂಗುರದ ಬೆರಳು, ಒಳಕ್ಕೆ ಬಾಗತೊಡಗಿದವು. ತಟ್ಟಿದ ರೊಟ್ಟಿಯ ಒಂದು ಅಂಚು ದಪ್ಪ ಉಳಿಯುತ್ತಿತ್ತು. ಅದನ್ನು ಹಿಡಿದದ್ದು ನನ್ನ ಗಂಡ. ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರು, ಮಾತು ಕಡಿಮೆ. ಉಣ್ಣುತ್ತ ಕುಳಿತವರು ಅಂದರು, "ರೊಟ್ಟಿ ಯಾಕ ಹಿಂಗ ಆಗಾಕತ್ತಾವು? ಕೈ ತೋರಸು."

ತೋರಿಸಿದೆ. ಮರುದಿನ ಸರ್ಕಾರಿ ದವಾಖಾನೆಗೆ ಕರೆದೊಯ್ದರು.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಣ್ಣು ಮುಚ್ಚಿಸಿ, ಬಾಲ್ ಪೆನ್ನಿನ ತುದಿಯಿಂದ ಅಲ್ಲಲ್ಲಿ ಮುಟ್ಟಿ, ಮುಟ್ಟಿದಲ್ಲಿ ಬೆರಳಿಡಲು ಹೇಳಿದರು. ಎರಡು ಸಲ ಇಟ್ಟೆ. ಆಮೇಲೆ ಕಾಯುತ್ತ ಕುಳಿತೆ.

"ಮುಟ್ರಿ ಮತ್ತ," ಎಂದೆ.

"ನಾಕ ಸಲ ಮುಟ್ಟೇನ್ರಿ."

ಕುಷ್ಠ.

ಡಾಕ್ಟರ್ ಸಮಾಧಾನದಿಂದ ಹೇಳಿದರು. ಮೊಣಕೈ ಬಳಿಯ ನರ ಬಾತಿದೆ, ಅದಕ್ಕೆ ಸ್ಟೀರಾಯ್ಡ್. ರೋಗಕ್ಕೆ ಎಂಡಿಟಿ ಮಾತ್ರೆ, ಹನ್ನೆರಡು ತಿಂಗಳು. "ಗುಳಗಿ ಶುರು ಮಾಡಿದ ಮ್ಯಾಲೆ ನಿಮ್ಮಿಂದ ಯಾರಿಗೂ ಹರಡೂದಿಲ್ರಿ. ರೋಗ ಪೂರ್ತಿ ವಾಸಿ ಆಗ್ತೈತಿ. ಬೆರಳಿಂದು ಮಾತ್ರ ಈಗ ಹೇಳಾಕ ಬರೂದಿಲ್ಲ. ಮಚ್ಚಿ ಸಣ್ಣದಿದ್ದಾಗ ಬಂದಿದ್ರ..."

ಮಾತನ್ನು ಅಲ್ಲಿಗೇ ಬಿಟ್ಟರು. ಉಳಿದದ್ದನ್ನು ನಾನು ಇವತ್ತಿಗೂ ಮನಸ್ಸಿನಲ್ಲಿ ಮುಗಿಸುತ್ತಿರುತ್ತೇನೆ.

ಮನೆಗೆ ಬಂದು ನನ್ನ ತಾಟು, ಲೋಟ ಬೇರೆ ಇಟ್ಟೆ. ಗಂಡ ನೋಡಿದರು. "ಡಾಕ್ಟರ್ ಹೇಳಿದ್ದು ನಿನಗ ಕೇಳಸಲಿಲ್ಲೇನ?" ಎಂದು ಅದೇ ತಾಟು ತೆಗೆದುಕೊಂಡು ಉಂಡರು.

ತಿಂಗಳಿಗೊಮ್ಮೆ ರೇಷ್ಮಾಳ ಎದುರಲ್ಲೇ ದೊಡ್ಡ ಡೋಸ್ ನುಂಗಬೇಕು. ಆ ದಿನ ಮೂತ್ರ ಕೆಂಪಗೆ ಹೋಗುತ್ತದೆ. ಅವಳು ಮೊದಲೇ ಹೇಳದಿದ್ದರೆ ಹೆದರಿ ಮಾತ್ರೆ ಬಿಡುತ್ತಿದ್ದೆ. ಮಾತ್ರೆಯಿಂದ ಮೈ ಕಪ್ಪಗಾಯಿತು. ದಿನಾ ಬೆಳಿಗ್ಗೆ ಕೈಯನ್ನು ನೀರಲ್ಲಿ ನೆನೆಸಿ, ಎಣ್ಣೆ ಹಚ್ಚಿ, ತೊಡೆಯ ಮೇಲಿಟ್ಟು ಬೆರಳು ನೀಡುವುದು ಹೊಸ ಕೆಲಸವಾಯಿತು. ಒಂದು ದಿನ ರೇಷ್ಮಾಗೆ ಹೇಳಿಯೇಬಿಟ್ಟೆ.

"ಅವತ್ತ ನಿನಗ ಸುಳ್ಳ ಹೇಳಿದ್ನೆವಾ."

"ಅನಮಾನ ಇತ್ರಿ ಅಕ್ಕಾರ. ಅಂಥಾ ಬ್ಯಾಸಗ್ಯಾಗ ಅಷ್ಟುದ್ದ ತೋಳಿನ ಜಂಪರ್ ಯಾರ ಹಾಕ್ತಾರ? ನಾನರ ಇನ್ನೊಮ್ಮೆ ಬಂದು ಕೇಳಬೇಕಾಗಿತ್ತು."

ಅವಳಿಗೂ ಒಂದು ಕೊರಗು ಉಳಿದಿದೆ ಎಂದು ಆಗ ತಿಳಿಯಿತು. ಇಬ್ಬರೂ ಒಳಗೊಳಗೇ ಕೊರಗುತ್ತ ಸುಮ್ಮನಿದ್ದರೆ ಯಾರಿಗೂ ಉಪಯೋಗವಿಲ್ಲ ಅನಿಸಿತು.

ಆ ವಾರವೇ ಚಪ್ಪರದಲ್ಲಿ ಉಳಿದ ಮೂವರ ಎದುರು ಜಂಪರಿನ ತೋಳು ಮಡಚಿ ಎಲ್ಲ ಹೇಳಿದೆ. ಒಬ್ಬಾಕೆ ಮೂರು ದಿನ ಬರಲಿಲ್ಲ, ನಾಲ್ಕನೆಯ ದಿನ ಬಂದಳು. ಒಂದು ಖಾನಾವಳಿ ರೊಟ್ಟಿ ಬೇಡವೆಂದಿತು, ಮತ್ತೆ ಕೇಳಲೂ ಇಲ್ಲ. ಗಂಗವ್ವ ಮಾತ್ರ ನಾನು ಹೇಳಿ ಮುಗಿಸಿದ ಕೂಡಲೇ ಕಣ್ಣು ಮುಚ್ಚಿ ಎರಡೂ ಕೈ ಚಾಚಿದ್ದಳು. "ಪೆನ್ ತಗೋ ಯಕ್ಕಾ. ಗುಮ್ಮನ ಹಂಗ ನಿಂದರಬ್ಯಾಡ." ಮುಟ್ಟಿದಲ್ಲೆಲ್ಲ ಬೆರಳಿಟ್ಟಳು.

ಒಲೆಯ ಮುಂದೆ ಕೂರುವ ಅಕ್ಕತಂಗಿಯರಿಗೆ ನನ್ನ ವಿನಂತಿ ಇಷ್ಟೇ. ಬಿಸಿ ತಾಗದ ಕೈಯನ್ನು ಹೊಗಳಿಕೊಳ್ಳಬೇಡಿ. ನೋಯದ ಮಚ್ಚೆಯನ್ನು ಮುಚ್ಚಬೇಡಿ. ಬಾಗಿಲಿಗೆ ಬಂದು ಕೇಳಿದವಳಿಗೆ ಚಹಾದ ಜೊತೆ ನಿಜವನ್ನೂ ಕೊಡಿ.

ಹೋದ ತಿಂಗಳು ಮಾತ್ರೆ ಮುಗಿದವು. ಉಂಗುರದ ಬೆರಳು ನೆಟ್ಟಗಾಗಿದೆ. ಕಿರುಬೆರಳು ಆಗಿಲ್ಲ, ಇನ್ನು ಆಗಲಿಕ್ಕಿಲ್ಲ. ಕೈಗೆ ಸ್ಪರ್ಶವಿಲ್ಲದ ಕಾರಣ ಹಂಚಿನ ಹತ್ತಿರ ಹೋಗಬಾರದೆಂದು ಡಾಕ್ಟರ್ ಹೇಳಿದ್ದಾರೆ. ಈಗ ನಾನು ಬಡಿಯುತ್ತೇನೆ, ಗಂಗವ್ವ ಬೇಯಿಸುತ್ತಾಳೆ. ರೊಟ್ಟಿಯನ್ನು ನನ್ನ ಅಂಗೈಯಿಂದಲೇ ತನ್ನ ಅಂಗೈಗೆ ತೆಗೆದುಕೊಳ್ಳುತ್ತಾಳೆ.

ನಿನ್ನೆ ಹಂಚಿಗೆ ಬೆರಳು ತಾಗಿ "ಹಾಯ್ ಯವ್ವಾ!" ಎಂದು ಕೈ ಕೊಡವಿದಳು.

"ಸುಟ್ಟತೇನ?"

"ಸುಡದ ಏನ ಮಾಡತೈತಿ?"

"ಛಲೋ ಆತು ಬಿಡ," ಎಂದು ಮುಂದಿನ ರೊಟ್ಟಿಯನ್ನು ಅವಳ ಕೈಗಿಟ್ಟೆ.