ಮುನಿರತ್ನಮ್ಮ ಕೆತ್ತಿದ ಸೊಸೆ

ಚಂದ್ರಲೇಖಾ ಆನೆಗೆ ಸಿಕ್ಕಿ ಸತ್ತ ಬೆಳಿಗ್ಗೆ ಅವಳ ಅತ್ತೆ ಮುನಿರತ್ನಮ್ಮ ಮುದ್ದೆಗೆ ಎಸರಿಟ್ಟು ಕೂತಿದ್ದಳು. ತಮಿಳುನಾಡಿಗೆ ಸೇರಿದ ಡೆಂಕಣಿಕೋಟೆಯಿಂದ ಕಾಡಿನ ಕಡೆ ಹೋಗುವ ರಸ್ತೆಯ ಪಕ್ಕದಲ್ಲೇ ಅವರ ಹೊಲ, ಹೊಲದ ಅಂಚಿನಲ್ಲಿ ಹುಣಸೆಮರ. ಆ ಮರದ ಕೆಳಗೆ ಊರಿನ ನಾಲ್ವರು ದಿನಾ ಆರು ಗಂಟೆಗೆ ಹೊಸೂರಿನ ಕಂಪನಿ ಬಸ್ಸಿಗೆ ಕಾಯುತ್ತಿದ್ದರು. ಅವರಲ್ಲಿ ಚಂದ್ರಲೇಖಾಳೇ ಹಿರಿಯಳು, ಮೂವತ್ತೊಂದು ವರ್ಷ. ಉಳಿದ ಮೂವರು ಮದುವೆಯಾಗದ ಹುಡುಗಿಯರು. ಅವರು ಓಡಿ ಬಂದು ಬದುಕಿಕೊಂಡರು. ಇವಳು ಬರಲಿಲ್ಲ.

ಮಣ್ಣು ಮಾಡಿ ಮೂರು ದಿನ ಕಳೆದಿರಲಿಲ್ಲ, ಊರಲ್ಲಿ ಮಾತು ಶುರುವಾಯಿತು. ಮೂವರು ತಪ್ಪಿಸಿಕೊಂಡಿರುವಾಗ ಇವಳೊಬ್ಬಳೇ ಹೇಗೆ ಸಿಕ್ಕಳು? ಫೋನಿನಲ್ಲಿ ಯಾರ ಜೊತೆಗೋ ಮಾತಾಡುತ್ತ ದೂರ ಹೋಗಿದ್ದಳಂತೆ. ಯಾರ ಜೊತೆಗೆ ಎಂದು ಯಾರೂ ಹೇಳಲಿಲ್ಲ. ಹೇಳದೆ ಬಿಟ್ಟಿದ್ದಕ್ಕೇ ಮಾತು ಇನ್ನಷ್ಟು ಬೆಳೆಯಿತು. ಮೂವರು ಹುಡುಗಿಯರನ್ನೂ ಮನೆಯವರು ಕೆಲಸ ಬಿಡಿಸಿದರು. ಚಂದ್ರಲೇಖಾಳ ಗಂಡ ಮಾದೇಶ್ ತರಕಾರಿ ಟೆಂಪೋ ಓಡಿಸುವವನು. ಅವನು ಹೆಂಡತಿಯ ಫೋಟೋವನ್ನು ಗೋಡೆಗೆ ಹಾಕಲಿಲ್ಲ.

"ಎಲ್ರೂ ಅಂತಾವ್ರೆ ಕಣಮ್ಮ. ಸುಮ್ನೆ ಅಂತಾರಾ?" ಎಂದ ತಾಯಿಗೆ.

"ನಾನು ಅಂತಿಲ್ವಲ್ಲ," ಎಂದಳು ಮುನಿರತ್ನಮ್ಮ.

ಹಾಗೆ ನೋಡಿದರೆ ಅತ್ತೆ ಸೊಸೆಗೆ ಅಷ್ಟೇನೂ ಹೊಂದಾಣಿಕೆ ಇರಲಿಲ್ಲ. ಕಂಪನಿ ಕೆಲಸಕ್ಕೆ ಹೋಗಬೇಡವೆಂದು ಮೊದಲು ಜಗಳ ತೆಗೆದವಳು ಇವಳೇ. ಆದರೆ ಏಳು ವರ್ಷ ಒಂದೇ ಒಲೆಯ ಮುಂದೆ ಕೂತವಳನ್ನು ಊರು ಮೂರು ದಿನದಲ್ಲಿ ತಿಪ್ಪೆಗೆಸೆದದ್ದು ಅವಳಿಗೆ ನುಂಗಲಾಗಲಿಲ್ಲ.

ಮುನಿರತ್ನಮ್ಮನ ಅಪ್ಪ ನಂಜಪ್ಪ ಬೇಸಾಯಗಾರ. ಬೇಸಿಗೆಯಲ್ಲಿ ಮಾತ್ರ ಊರೂರು ತಿರುಗಿ, ಸವೆದು ನುಣುಪಾದ ಬೀಸುವ ಕಲ್ಲು, ಒರಳುಕಲ್ಲುಗಳನ್ನು ಉಳಿಯಿಂದ ಹೊಡೆದು ಮತ್ತೆ ಒರಟು ಮಾಡಿಕೊಡುತ್ತಿದ್ದ. ಗಂಡುಮಕ್ಕಳಿಲ್ಲದ ಅವನು ಮಗಳನ್ನೇ ಜೊತೆಗೆ ಕರೆದೊಯ್ದು ಕೆಲಸ ಕಲಿಸಿದ್ದ. ಮಿಕ್ಸಿ ಬಂದ ಮೇಲೆ ಆ ಕೆಲಸ ನಿಂತಿತು. ಉಳಿ ಸುತ್ತಿಗೆ ಅಟ್ಟ ಸೇರಿದವು. ಹನ್ನೊಂದನೇ ದಿನದ ಕಾರ್ಯ ಮುಗಿದ ಮಾರನೆಯ ಬೆಳಿಗ್ಗೆ ಮುನಿರತ್ನಮ್ಮ ಅವನ್ನು ಇಳಿಸಿ, ತುಕ್ಕು ಉಜ್ಜಿ, ಹಿತ್ತಲಲ್ಲಿ ಬಟ್ಟೆ ಒಗೆಯುವ ಚಪ್ಪಡಿಯ ಮುಂದೆ ಕೂತಳು. ಸೊಸೆಯ ಹೆಸರನ್ನಷ್ಟೇ ಹೊಡೆಯಬೇಕೆಂದುಕೊಂಡಿದ್ದಳು. ಫೋಟೋ ಆದರೆ ಮಗ ಒಳಗಿಡಬಹುದು. ಕಲ್ಲಿನಲ್ಲಿರುವುದನ್ನು ಏನು ಮಾಡುತ್ತಾನೆ? ಮೊದಲು ಸವೆದ ಚಪ್ಪಡಿಯನ್ನು ಹೊಡೆದು ಮಟ್ಟ ಮಾಡತೊಡಗಿದಳು.

ಎರಡು ಮನೆ ಆಚೆಗೆ ಸುಧಾಳ ಮನೆ. ಆ ಬೆಳಿಗ್ಗೆ ಮರದ ಕೆಳಗಿದ್ದ ಹುಡುಗಿಯರಲ್ಲಿ ಅವಳೊಬ್ಬಳು. ಅವಳಪ್ಪ ರಾಮಾಂಜಿನಪ್ಪ ಊರಿನ ನ್ಯಾಯಕ್ಕೆ ಕೂರುವ ದೊಡ್ಡ ಮನುಷ್ಯ. ಸುಧಾ ಅಂದಿನಿಂದ ಸರಿಯಾಗಿ ಉಂಡಿರಲಿಲ್ಲ, ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಿದ್ದರು. ಐದು ದಿನ ಉಳಿಯ ಸದ್ದು ಕೇಳಿದವಳು ಆರನೇ ದಿನ ಬೇಲಿ ದಾಟಿ ಬಂದು ನಿಂತಳು.

"ದೊಡ್ಡಮ್ಮ, ನಾನೂ ಹೊಡೀಲಾ?"

ಮುನಿರತ್ನಮ್ಮ ಉಳಿ ಸುತ್ತಿಗೆ ಕೊಟ್ಟಳು. ಮೊದಲ ಪೆಟ್ಟು ಹೆಬ್ಬೆರಳಿಗೇ ಬಿತ್ತು. ಸುಧಾ ಬೆರಳನ್ನು ಬಾಯಲ್ಲಿಟ್ಟುಕೊಂಡು, ಮತ್ತೆ ಹೊಡೆಯತೊಡಗಿದಳು. ಎಷ್ಟೋ ಹೊತ್ತಿನ ಮೇಲೆ ಕಲ್ಲಿನಿಂದ ಕಣ್ಣು ತೆಗೆಯದೆ ಹೇಳಿದಳು.

"ಅಕ್ಕ ಫೋನಲ್ಲಿ ಮಾತಾಡ್ತಿರ್ಲಿಲ್ಲ ದೊಡ್ಡಮ್ಮ. ಆನೆ ನಮ್ ಕಡೀಕೇ ಬತ್ತಿತ್ತು. ಅವ್ರಿಬ್ರು ಆಗ್ಲೇ ಓಡೋಗಿದ್ರು, ನನ್ ಕಾಲು ಏಳ್ಲೇ ಇಲ್ಲ. ಅಕ್ಕ ಟಿಫನ್ ಡಬ್ಬಿ ಬಡ್ಕೊಂಡು ಆ ಕಡೀಕೆ ಓಡ್ಬುಟ್ರು. ಆನೆ ಅವ್ರ ಹಿಂದೆ ತಿರುಗ್ತು."

"ಇದ್ನ ಯಾಕಮ್ಮಿ ಯಾರ್ಗೂ ಹೇಳ್ಲಿಲ್ಲ?"

"ಅಪ್ಪಂಗೆ ಹೇಳ್ದೆ. ಸುಮ್ನಿರು, ನಿನ್ ಹೆಸ್ರು ಇದ್ರಾಗೆ ಬರ್ಬಾರ್ದು ಅಂದ್ರು." ಅವಳು ಇನ್ನೊಂದು ಪೆಟ್ಟು ಹೊಡೆದಳು. "ಅಕ್ಕ ಸತ್ತಿದ್ದು ನನ್ನಿಂದ."

ಮುನಿರತ್ನಮ್ಮ ಅವಳ ಕೈಯಿಂದ ಸುತ್ತಿಗೆ ತೆಗೆದಿಟ್ಟು, ಆ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. "ಸತ್ತಿದ್ದು ಆನೆಯಿಂದ. ನೀನು ಬದುಕ್ಲಿ ಅಂತ ಅವಳು ಡಬ್ಬಿ ಬಡಿದ್ಲು. ನೀನಿಲ್ಲಿ ಊಟ ಬಿಟ್ಕೊಂಡು ಕೂತಿದೀಯ. ಏಳು, ಉಣ್ಣು ಮೊದ್ಲು."

ಅಂದು ಸುಧಾ ಅವರ ಮನೆಯಲ್ಲೇ ಹುರುಳಿ ಸಾರಿನಲ್ಲಿ ಒಂದಿಡೀ ಮುದ್ದೆ ಉಂಡಳು. ಸಂಜೆ ಮಾದೇಶ್ ಬಂದಾಗ ಮುನಿರತ್ನಮ್ಮ ಅವಳಿಂದ ಎಲ್ಲವನ್ನೂ ಮತ್ತೊಮ್ಮೆ ಹೇಳಿಸಿದಳು. ಅವನು ನಿಂತೇ ಕೇಳಿದ. ಕೇಳಿ, ಹೋಗಿ ಟೆಂಪೋದೊಳಗೆ ಕೂತು ಬಾಗಿಲು ಹಾಕಿಕೊಂಡ.

ಏನು ಕೆತ್ತಬೇಕೆಂದು ಈಗ ಮುನಿರತ್ನಮ್ಮನಿಗೆ ಗೊತ್ತಾಯಿತು. ಇದ್ದಿಲಿನಿಂದ ಗೆರೆ ಎಳೆದಳು. ಚೂಡಿದಾರ ತೊಟ್ಟು, ಕೊರಳಲ್ಲಿ ಕಂಪನಿ ಕಾರ್ಡು ಹಾಕಿಕೊಂಡ ಹೆಂಗಸು, ಎತ್ತಿದ ಕೈಯಲ್ಲಿ ಟಿಫನ್ ಡಬ್ಬಿ, ಎದುರಿಗೆ ಆನೆ. ಒರಳಿನ ಅಂಚಿಗೆ ಹೂ ಹೊಡೆದದ್ದು ಬಿಟ್ಟರೆ ಅವಳು ಜೀವವಿರುವ ಯಾವುದನ್ನೂ ಕೆತ್ತಿದವಳಲ್ಲ. ಆನೆಯ ಕಾಲುಗಳು ಒನಕೆಯಂತೆ ಬಂದವು. ಅದನ್ನು ಕಂಡು ಸುಧಾ ನಕ್ಕಳು, ಆಮೇಲೆ ನಕ್ಕದ್ದಕ್ಕೆ ಅತ್ತಳು.

ಉಳಿದಿಬ್ಬರು ಹುಡುಗಿಯರೂ ಬಂದರು. ಅವರನ್ನು ಕರೆದೊಯ್ಯಲು ಬಂದ ತಾಯಂದಿರು ತಾವೂ ಕೂತರು. ಮಧ್ಯಾಹ್ನದ ಹೊತ್ತು ಸರದಿಯಲ್ಲಿ ಉಳಿ ಹಿಡಿಯುವುದು ರೂಢಿಯಾಯಿತು. ಒಬ್ಬಳು ಗಂಡ ಮುರಿದ ತನ್ನ ಮುಂಗೈಯನ್ನು ತೋರಿಸಿದಳು; ಬಾವಿಕಟ್ಟೆಯಲ್ಲಿ ಜಾರಿ ಬಿದ್ದೆನೆಂದು ಎಲ್ಲರಿಗೂ ಹೇಳಿದ್ದಳು. ಗೋವಿಂದಮ್ಮನೆಂಬ ಮುದುಕಿ, ಹುಟ್ಟಿದ ದಿನವೇ ತೀರಿಕೊಂಡ ಹೆಣ್ಣುಮಗುವಿಗೆ ತಾನು ಗುಟ್ಟಾಗಿ ಇಟ್ಟಿದ್ದ ಹೆಸರನ್ನು ನಲವತ್ತು ವರ್ಷದ ಮೇಲೆ ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಮುಖ ನೋಡಿ ಹೇಳಲಾಗದ್ದನ್ನು ಕಲ್ಲು ನೋಡಿಕೊಂಡು ಹೇಳಬಹುದಾಗಿತ್ತು. ಯಾರೂ ಬುದ್ಧಿ ಹೇಳುತ್ತಿರಲಿಲ್ಲ. ಮಾತು ಮುಗಿದವಳ ಕೈಗೆ ಯಾರಾದರೂ ಉಳಿ ಕೊಡುತ್ತಿದ್ದರು.

ಎರಡೂವರೆ ತಿಂಗಳಾಯಿತು. ಕೆಳಗೆ ಹೆಸರನ್ನು ಮುನಿರತ್ನಮ್ಮ ಕನ್ನಡದಲ್ಲಿ ಹೊಡೆದಳು, ಶಾಲೆಯಲ್ಲಿ ಓದಿದ ತಮಿಳಿನಲ್ಲಿ ಸುಧಾ ಹೊಡೆದಳು. ಕಲ್ಲನ್ನು ಹುಣಸೆಮರದ ಕೆಳಗೆ ನೆಡಲು ಹೊರಟಾಗ ಮಾದೇಶ್ ತಾನಾಗಿಯೇ ಟೆಂಪೋ ತಂದು ನಿಲ್ಲಿಸಿದ. ಅಷ್ಟರಲ್ಲಿ ರಾಮಾಂಜಿನಪ್ಪ ನಾಲ್ಕಾರು ಗಂಡಸರೊಂದಿಗೆ ಬಂದ.

"ಮುನಿರತ್ನಕ್ಕ, ವೀರಗಲ್ಲು ನಿಲ್ಸೋದು ಗಂಡಸ್ರಿಗೆ. ಹೆಂಗಸ್ರಿಗೆ ಇರೋದು ಮಾಸ್ತಿಕಲ್ಲು. ಕೆರೆ ತಾವ ನೋಡಿಲ್ವಾ?"

"ನೋಡಿದೀನಿ. ಅದು ಗಂಡನ ಚಿತೆಗೆ ಬಿದ್ದು ಸತ್ತೋರ್ದು. ನನ್ನ ಸೊಸೆ ಗಂಡ ಇಗೋ, ಕಲ್ಲಿಗೆ ಹಗ್ಗ ಕಟ್ತಾ ನಿಂತವ್ನೆ. ಅವಳು ಸತ್ತಿದ್ದು ನಿನ್ನ ಮಗಳನ್ನ ಉಳ್ಸಕ್ಕೆ."

"ಊರು ಒಪ್ಪಲ್ಲ."

"ಒಪ್ಪದಿದ್ರೆ ಬಿಡ್ಲಿ. ಹೊಲ ನಂದು, ಪಟ್ಟಾ ನನ್ನ ಹೆಸರಲ್ಲೈತೆ. ಕೀಳೋರು ಮೊದ್ಲು ನನ್ನ ಕಿತ್ತು ಹಾಕ್ಲಿ."

ಆಗ ಸುಧಾ ಮುಂದೆ ಬಂದು ಆ ಬೆಳಿಗ್ಗೆ ನಡೆದದ್ದನ್ನು ಅಷ್ಟೂ ಜನರ ಮುಂದೆ ಹೇಳಿದಳು. ಅಪ್ಪನ ಮುಖವನ್ನೇ ನೋಡುತ್ತ ಹೇಳಿದಳು. ರಾಮಾಂಜಿನಪ್ಪ ತಲೆ ತಗ್ಗಿಸಿ ಮನೆಗೆ ನಡೆದ. ಕಲ್ಲು ನಿಂತಿತು. ಮುಂದಿನ ತಿಂಗಳು ಸುಧಾ ಮತ್ತೆ ಬಸ್ ಹತ್ತಿದಳು, ಇನ್ನೊಬ್ಬಳೂ ಹತ್ತಿದಳು. ಮೂರನೆಯವಳನ್ನು ಅಷ್ಟರೊಳಗೆ ಸೂಳಗಿರಿಯ ಕಡೆಗೆ ಮದುವೆ ಮಾಡಿ ಕಳಿಸಿದ್ದರು.

ಕತೆ ಅಲ್ಲಿಗೆ ಮುಗಿಯಲಿಲ್ಲ. ವರ್ಷ ತುಂಬುವಷ್ಟರಲ್ಲಿ ಕಲ್ಲಿಗೆ ಅರಿಶಿನ ಕುಂಕುಮ ಬೀಳತೊಡಗಿತು. ಆನೆ ಆ ದಾರಿಗೆ ಬಾರದಿರುವುದು ಅವಳ ಮಹಿಮೆಯೇ ಎಂದು, ಕಲ್ಲು ಬೇಡವೆಂದವರೇ ಹೇಳಿದರು. ರಾಮಾಂಜಿನಪ್ಪ ಪುಟ್ಟ ಗುಡಿ ಕಟ್ಟಿಸಲು ತಗಡಿನ ಶೀಟು ನೋಡಿಟ್ಟ. ಮುಟ್ಟಾದವರು ಹತ್ತಿರ ಬರಬಾರದೆಂದು ಬೋರ್ಡನ್ನೂ ಬರೆಸಿದ.

ಅವನು ಬೋರ್ಡು ತಂದ ಬೆಳಿಗ್ಗೆ ಮುನಿರತ್ನಮ್ಮ ತೆಂಗಿನ ನಾರಿನಿಂದ ಕಲ್ಲು ತಿಕ್ಕುತ್ತಿದ್ದಳು. ಕುಂಕುಮ ಕೆಂಪಗೆ ಹರಿದು ಮಣ್ಣಿಗೆ ಇಳಿಯುತ್ತಿತ್ತು.

"ಹುಡುಗೀರು ಇಲ್ಲಿ ಬಸ್ಸಿಗೆ ಕೂರ್ತಾರೆ. ತಿಂಗಳಲ್ಲಿ ಮೂರು ದಿನ ಎಲ್ಲಿಗೋಗ್ಬೇಕು, ಆನೆ ತಾವಕ್ಕಾ?"

"ದೇವ್ರು ಅಂತ ಮರ್ಯಾದೆ ಕೊಡ್ತಾವ್ರಲ್ಲಕ್ಕ."

"ಅವಳು ದೇವ್ರಲ್ಲ. ಅವಳಿಗೂ ಹೆದ್ರಿಕೆ ಆಗಿತ್ತು, ಹೆದ್ರಿಕೊಂಡೇ ಡಬ್ಬಿ ಬಡಿದ್ಲು. ನೀವು ದೇವ್ರು ಮಾಡ್ಬುಟ್ರೆ ನಾಳೆ ಯಾವ ಹುಡುಗಿಗೂ ಅದು ತನ್ನ ಕೈಲಾಗೋ ಕೆಲ್ಸ ಅನ್ಸಲ್ಲ. ಶೀಟು ಕೊಡೋದಾದ್ರೆ ಕೊಡು, ಕಾಯೋರ ತಲೆ ಮೇಲೆ ಹಾಕ್ಸು."

ರಾಮಾಂಜಿನಪ್ಪ ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ವಾರ ಕಳೆದು ಶೀಟು ಬಂದವು. ಈಗ ಅವುಗಳ ಅಡಿ ಒಂಬತ್ತು ಹೆಂಗಸರು ಬಸ್ಸಿಗೆ ಕಾಯುತ್ತಾರೆ.

ಹೋದ ತಿಂಗಳು ಬಾಗಲೂರಿನಿಂದ ರಮಾದೇವಿಯೆಂಬವಳು ಬಂದಿದ್ದಳು. ಗಂಡನ ಮನೆಯಲ್ಲಿ ಸುಟ್ಟು ಸತ್ತ ತನ್ನ ಅಕ್ಕನಿಗೊಂದು ಕಲ್ಲು ಕೆತ್ತಿಕೊಡಿ ಎಂದಳು.

"ಕೆತ್ಕೊಡಲ್ಲ," ಎಂದಳು ಮುನಿರತ್ನಮ್ಮ, ಪಕ್ಕದಲ್ಲಿ ಜಾಗ ಬಿಡುತ್ತ. "ಕೂತ್ಕೋ. ಉಳಿ ಹಿಡಿಯೋದು ಹೇಳ್ಕೊಡ್ತೀನಿ."